ಕ್ರೋಮ್ ಲೇಪಿತ ಭಾಗಗಳ ತುಕ್ಕು ನಿವಾರಣೆ

ಕ್ರೋಮ್ ಲೇಪಿತ ಭಾಗಗಳ ತುಕ್ಕು ನಿವಾರಣೆ ಎಂದರೆ, ಕ್ರೋಮಿಯಂ ಲೋಹದ ತೆಳುಪದರವನ್ನು ಹೊಂದಿರುವ ಉಕ್ಕಿನ ವಸ್ತುಗಳ ಮೇಲೆ ಕಾಣಿಸಿಕೊಳ್ಳುವ ತುಕ್ಕನ್ನು ಲೇಪನಕ್ಕೆ ಹಾನಿಯಾಗದಂತೆ ತೆಗೆದು, ಅದು ಮರುಕಳಿಸದಂತೆ ಮೇಲ್ಮೈಯನ್ನು ಕಾಪಾಡುವ ಕ್ರಮ. ವಾಹನಗಳ ಬಂಪರ್, ಹ್ಯಾಂಡಲ್‌ಬಾರ್, ಸೈಲೆನ್ಸರ್ ಮತ್ತು ಚಕ್ರದ ರಿಮ್, ಸೈಕಲ್‌ನ ಭಾಗಗಳು, ಕುರ್ಚಿ-ಮೇಜುಗಳ ಕೊಳವೆಗಳು ಮೊದಲಾದವುಗಳಿಗೆ ಈ ಕ್ರಮವನ್ನು ಅನುಸರಿಸಲಾಗುತ್ತದೆ. ಅಲಂಕಾರಿಕ ಕ್ರೋಮ್ ಪದರವು ಅತ್ಯಂತ ತೆಳುವಾಗಿರುವುದರಿಂದ, ಒಮ್ಮೆ ಸವೆದುಹೋದರೆ ಮನೆಯಲ್ಲಿ ಅದನ್ನು ಮತ್ತೆ ಕೂರಿಸಲು ಸಾಧ್ಯವಿಲ್ಲ. ಆದ್ದರಿಂದ ಮೃದುವಾದ ವಿಧಾನದಿಂದ ಆರಂಭಿಸಿ, ಅಗತ್ಯವಿದ್ದಷ್ಟೇ ಮುಂದುವರಿಯುವುದು ಈ ಕೆಲಸದ ಮೂಲ ನಿಯಮವಾಗಿದೆ.

ಹಿನ್ನೆಲೆ

ಕ್ರೋಮಿಯಂ ಪರಮಾಣು ಸಂಖ್ಯೆ 24 ಹೊಂದಿರುವ ಲೋಹ. ಫ್ರೆಂಚ್ ರಸಾಯನವಿಜ್ಞಾನಿ ಲೂಯಿ ನಿಕೋಲಾ ವಾಕ್ಲೇನ್ 1797ರಲ್ಲಿ ಸೈಬೀರಿಯಾದ ಕೆಂಪು ಸೀಸದ ಅದಿರಿನಲ್ಲಿ ಇದನ್ನು ಗುರುತಿಸಿದನು. ಇದರ ಸಂಯುಕ್ತಗಳು ನಾನಾ ಬಣ್ಣಗಳಲ್ಲಿರುವುದರಿಂದ, ಬಣ್ಣ ಎಂಬ ಅರ್ಥದ ಗ್ರೀಕ್ ಪದದಿಂದ ಇದಕ್ಕೆ ಹೆಸರು ಬಂದಿತು. ಕ್ರೋಮಿಯಂನ ಮುಖ್ಯ ಅದಿರು ಕ್ರೋಮೈಟ್. ಭಾರತದಲ್ಲಿ ಇದರ ಬಹುಪಾಲು ನಿಕ್ಷೇಪ ಒಡಿಶಾದ ಸುಕಿಂದಾ ಕಣಿವೆಯಲ್ಲಿದೆ. ಕರ್ನಾಟಕದಲ್ಲಿ ಹಾಸನ ಜಿಲ್ಲೆಯ ಬೈರಾಪುರದಲ್ಲಿಯೂ ಕ್ರೋಮೈಟ್ ದೊರೆಯುತ್ತದೆ.

ವಿದ್ಯುತ್ತಿನ ಸಹಾಯದಿಂದ ಕ್ರೋಮಿಯಂ ಲೇಪಿಸುವ ವಿಧಾನವು 1920ರ ದಶಕದಲ್ಲಿ, ಮುಖ್ಯವಾಗಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಕಾಲಿನ್ ಫಿಂಕ್ ಮತ್ತು ಚಾರ್ಲ್ಸ್ ಎಲ್ಡ್ರಿಡ್ಜ್ ಅವರ ಪ್ರಯತ್ನದಿಂದ, ಕೈಗಾರಿಕೆಯ ಬಳಕೆಗೆ ಬಂದಿತು. ಅದಕ್ಕೂ ಮುನ್ನ ವಾಹನಗಳಿಗೆ ನಿಕ್ಕಲ್ ಲೇಪನವಷ್ಟೇ ಇತ್ತು; ಅದು ಬೇಗ ಮಂಕಾಗುತ್ತಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾ ಮತ್ತು ಯೆಜ್ಡಿ ಮೋಟಾರ್‌ಸೈಕಲ್‌ಗಳ ಪೆಟ್ರೋಲ್ ಟ್ಯಾಂಕ್‌ನ ಪಕ್ಕಗಳಲ್ಲಿದ್ದ ಕ್ರೋಮ್ ಹೊಳಪು ಅವುಗಳ ಗುರುತಾಗಿತ್ತು. ಕಾರ್ಖಾನೆಯು 1996ರಲ್ಲಿ ಮುಚ್ಚಿದ್ದರಿಂದ, ಅಂತಹ ಹಳೆಯ ವಾಹನಗಳಲ್ಲಿ ಮೂಲ ಲೇಪನವನ್ನು ಉಳಿಸಿಕೊಳ್ಳುವುದಕ್ಕೆ ವಿಶೇಷ ಮಹತ್ವವಿದೆ.

ಲೇಪನದ ರಚನೆ

ಹೊಳೆಯುವ ಕ್ರೋಮ್ ಭಾಗವು ಒಂದೇ ಪದರದ್ದಲ್ಲ. ಸಾಮಾನ್ಯವಾಗಿ ಉಕ್ಕಿನ ಮೇಲೆ ನೇರವಾಗಿ ಅಥವಾ ತಾಮ್ರದ ಪದರದ ಮೇಲೆ ನಿಕ್ಕಲ್ ಪದರವನ್ನೂ, ಅದರ ಮೇಲೆ ಕ್ರೋಮಿಯಂ ಪದರವನ್ನೂ ಕೂರಿಸಲಾಗುತ್ತದೆ. ನಿಕ್ಕಲ್ ಪದರದ ದಪ್ಪ ಸುಮಾರು 10ರಿಂದ 40 ಮೈಕ್ರೋಮೀಟರ್ ಇದ್ದರೆ, ಕ್ರೋಮಿಯಂ ಪದರದ ದಪ್ಪ ಸಾಮಾನ್ಯವಾಗಿ 0.1ರಿಂದ 0.5 ಮೈಕ್ರೋಮೀಟರ್ ಮಾತ್ರ. ತುಕ್ಕಿನಿಂದ ನಿಜವಾದ ರಕ್ಷಣೆ ನೀಡುವುದು ಬಹುಮಟ್ಟಿಗೆ ನಿಕ್ಕಲ್ ಪದರ. ಕ್ರೋಮಿಯಂ ಅದಕ್ಕೆ ಗಡಸುತನವನ್ನೂ, ಮಂಕಾಗದ ನೀಲಿಛಾಯೆಯ ಹೊಳಪನ್ನೂ ನೀಡುತ್ತದೆ. ಯಂತ್ರಗಳ ದಂಡ ಮತ್ತು ಸಿಲಿಂಡರ್‌ಗಳಿಗೆ ಬಳಸುವ ಗಡಸು ಕ್ರೋಮ್ ಲೇಪನವು ಇದಕ್ಕಿಂತ ಬಹಳ ದಪ್ಪವಾಗಿದ್ದು, ಅದು ಬೇರೆಯದೇ ವರ್ಗಕ್ಕೆ ಸೇರುತ್ತದೆ.

ತುಕ್ಕು ಹಿಡಿಯುವ ಕಾರಣ

ಕ್ರೋಮಿಯಂಗೆ ತುಕ್ಕು ಹಿಡಿಯುವುದಿಲ್ಲ. ಗಾಳಿಯ ಆಮ್ಲಜನಕದೊಡನೆ ಸೇರಿ ಅದು ಕಣ್ಣಿಗೆ ಕಾಣದಷ್ಟು ತೆಳುವಾದ, ಆದರೆ ಗಟ್ಟಿಯಾದ ಆಕ್ಸೈಡ್ ಪೊರೆಯನ್ನು ರೂಪಿಸಿಕೊಳ್ಳುತ್ತದೆ. ಕ್ರೋಮ್ ಮೇಲೆ ಕಾಣುವ ಕಂದು ಚುಕ್ಕೆಗಳು ಅಡಿಯಲ್ಲಿರುವ ಉಕ್ಕಿನ ತುಕ್ಕು. ಲೇಪನದಲ್ಲಿ ಸಹಜವಾಗಿಯೇ ಇರುವ ಸೂಕ್ಷ್ಮ ಬಿರುಕುಗಳು ಮತ್ತು ರಂಧ್ರಗಳು, ಕಲ್ಲು ಬಡಿದ ಗುರುತುಗಳು ಹಾಗೂ ಗೀರುಗಳ ಮೂಲಕ ನೀರು ಉಕ್ಕನ್ನು ತಲುಪುತ್ತದೆ.

ಈ ಸ್ಥಳಗಳಲ್ಲಿ ಒಂದು ಪುಟ್ಟ ವಿದ್ಯುತ್ಕೋಶವೇ ಏರ್ಪಡುತ್ತದೆ. ನಿಕ್ಕಲ್ ಮತ್ತು ಕ್ರೋಮಿಯಂ ಕ್ಯಾಥೋಡ್‌ನಂತೆಯೂ, ರಂಧ್ರದ ತಳದ ಉಕ್ಕು ಆನೋಡ್‌ನಂತೆಯೂ ವರ್ತಿಸುತ್ತವೆ. ಕ್ಯಾಥೋಡ್‌ನ ವಿಸ್ತಾರ ದೊಡ್ಡದಾಗಿ, ಆನೋಡ್‌ನದು ಅತಿ ಚಿಕ್ಕದಾಗಿರುವುದರಿಂದ, ತುಕ್ಕು ಹರಡುವುದಕ್ಕಿಂತ ಹೆಚ್ಚಾಗಿ ಆಳಕ್ಕೆ ಇಳಿದು ಗುಳಿ ಬೀಳುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಆಕ್ರಮಿಸುವುದರಿಂದ, ಅದು ಉಬ್ಬಿ ಸುತ್ತಲಿನ ಲೇಪನವನ್ನು ಮೇಲೆತ್ತಿ ಸಿಪ್ಪೆಯಂತೆ ಬಿಡಿಸುತ್ತದೆ. ನೀರಿನಲ್ಲಿ ಉಪ್ಪು ಬೆರೆತಿದ್ದರೆ ಈ ಕ್ರಿಯೆ ಮತ್ತಷ್ಟು ಚುರುಕಾಗುತ್ತದೆ. ಆದ್ದರಿಂದ ಮಂಗಳೂರು, ಕಾರವಾರದಂತಹ ಕಡಲತೀರದ ಊರುಗಳಲ್ಲಿ ಕ್ರೋಮ್ ಭಾಗಗಳಿಗೆ ಒಳನಾಡಿಗಿಂತ ಹೆಚ್ಚಿನ ಆರೈಕೆ ಬೇಕಾಗುತ್ತದೆ.

ಪೂರ್ವ ಪರೀಕ್ಷೆ

ಕೆಲಸಕ್ಕೆ ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯಬೇಕು. ಆಯಸ್ಕಾಂತವು ಬಲವಾಗಿ ಅಂಟಿಕೊಂಡರೆ ಅಡಿಯಲ್ಲಿರುವುದು ಉಕ್ಕು. ಬಾಗಿಲ ಹಿಡಿಕೆ, ಲಾಂಛನ ಮೊದಲಾದವು ಸತುವಿನ ಎರಕದವು ಆಗಿರಬಹುದು. ಅವುಗಳಲ್ಲಿ ಕಂದು ತುಕ್ಕಿನ ಬದಲು ಬಿಳಿಯ ಹುಡಿ ಮತ್ತು ಗುಳ್ಳೆಗಳು ಕಾಣಿಸುತ್ತವೆ. ಇತ್ತೀಚಿನ ವಾಹನಗಳ ಅನೇಕ ಹೊಳೆಯುವ ಭಾಗಗಳು ಕ್ರೋಮ್ ಲೇಪಿತ ಪ್ಲಾಸ್ಟಿಕ್‌ನವು ಅಥವಾ ಬೆಳ್ಳಿಬಣ್ಣ ಬಳಿದವು. ಇವುಗಳನ್ನು ಉಜ್ಜಿದರೆ ಹೊಳಪು ಅಳಿಸಿಹೋಗುತ್ತದೆ. ಬಟ್ಟೆಯಿಂದ ಒರೆಸಿದಾಗಲೇ ಪದರ ಏಳುವುದು ಕಂಡುಬಂದರೆ, ಉಜ್ಜುವ ಯಾವ ವಿಧಾನವೂ ಪ್ರಯೋಜನಕ್ಕೆ ಬರುವುದಿಲ್ಲ.

ತೆಗೆಯುವ ವಿಧಾನಗಳು

ತೊಳೆಯುವುದು: ಸಾಬೂನಿನ ನೀರು ಮತ್ತು ಮೃದುವಾದ ಬಟ್ಟೆಯಿಂದ ಮಣ್ಣು, ಜಿಡ್ಡುಗಳನ್ನು ತೆಗೆದು ಒಣಗಿಸಬೇಕು. ಮರಳಿನ ಕಣ ಉಳಿದಿದ್ದರೆ, ಮುಂದೆ ಉಜ್ಜುವಾಗ ಅದೇ ಗೀರುಗಳನ್ನು ಮೂಡಿಸುತ್ತದೆ.

ಅಲ್ಯೂಮಿನಿಯಂ ಫಾಯಿಲ್: ಹಗುರವಾದ ತುಕ್ಕಿಗೆ ಇದು ಸುರಕ್ಷಿತ ಹಾಗೂ ಅಗ್ಗದ ವಿಧಾನ. ಅಡುಗೆಮನೆಯಲ್ಲಿ ಬಳಸುವ ಫಾಯಿಲ್‌ನ ತುಂಡೊಂದನ್ನು ಮುದುರಿ, ನೀರಿನಲ್ಲಿ ಅದ್ದಿ, ತುಕ್ಕಿನ ಮೇಲೆ ಹೆಚ್ಚು ಒತ್ತಡ ಹಾಕದೆ ಉಜ್ಜಲಾಗುತ್ತದೆ. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾಪಕದಲ್ಲಿ ಕ್ರೋಮಿಯಂ ಸುಮಾರು 8.5ರ ಸ್ಥಾನದಲ್ಲಿದ್ದರೆ, ಅಲ್ಯೂಮಿನಿಯಂ 3ಕ್ಕಿಂತ ಕೆಳಗಿದೆ. ಆದ್ದರಿಂದ ಫಾಯಿಲ್ ಲೇಪನವನ್ನು ಗೀರುವುದಿಲ್ಲ. ಉಜ್ಜುವಾಗ ಉಂಟಾಗುವ ಅಲ್ಯೂಮಿನಿಯಂ ಆಕ್ಸೈಡ್‌ನ ಸೂಕ್ಷ್ಮ ಕಣಗಳು ಹೊಳಪು ನೀಡುವ ಪುಡಿಯಂತೆ ಕೆಲಸ ಮಾಡುತ್ತವೆ. ಮೂಡುವ ಬೂದುಮಿಶ್ರಿತ ಕಂದು ಕೆಸರನ್ನು ಆಗಾಗ ಒರೆಸಿ ಪರೀಕ್ಷಿಸಬೇಕು.

ಲೋಹದ ನಾರು: ಫಾಯಿಲ್‌ಗೆ ಬಗ್ಗದ ತುಕ್ಕಿಗೆ ಹಿತ್ತಾಳೆಯ ನಾರನ್ನು, ಅಥವಾ ನಾಲ್ಕು ಸೊನ್ನೆಗಳಿಂದ ಗುರುತಿಸಲಾಗುವ ಅತ್ಯಂತ ನವಿರಾದ ಉಕ್ಕಿನ ನಾರನ್ನು ಎಣ್ಣೆಯೊಡನೆ ಬಳಸುವುದುಂಟು. ಉಕ್ಕಿನ ನಾರಿನ ಚೂರುಗಳು ಮೇಲ್ಮೈಯಲ್ಲಿ ಉಳಿದರೆ ಅವೇ ತುಕ್ಕು ಹಿಡಿಯುತ್ತವೆ. ಆದ್ದರಿಂದ ಬಳಿಕ ಚೆನ್ನಾಗಿ ಒರೆಸುವುದು ಅಗತ್ಯ. ಪಾತ್ರೆ ತಿಕ್ಕುವ ಒರಟು ನಾರು ಹಾಗೂ ಮರಳು ಕಾಗದ ಇದಕ್ಕೆ ಸಲ್ಲವು.

ದುರ್ಬಲ ಆಮ್ಲಗಳು: ವಿನೆಗರ್‌ನ ಅಸಿಟಿಕ್ ಆಮ್ಲ, ನಿಂಬೆಯ ಸಿಟ್ರಿಕ್ ಆಮ್ಲ ಮತ್ತು ಹುಣಸೆಯ ಟಾರ್ಟಾರಿಕ್ ಆಮ್ಲಗಳು ತುಕ್ಕನ್ನು ನಿಧಾನವಾಗಿ ಕರಗಿಸುತ್ತವೆ. ಆಮ್ಲದಲ್ಲಿ ನೆನೆಸಿದ ಬಟ್ಟೆಯನ್ನು ತುಕ್ಕಿನ ಮೇಲೆ ಕೆಲವು ನಿಮಿಷ ಮಾತ್ರ ಇರಿಸಿ, ನೀರಿನಿಂದ ತೊಳೆದು, ಅಡುಗೆ ಸೋಡಾದ ದ್ರಾವಣದಿಂದ ಒರೆಸಿ, ಮತ್ತೆ ತೊಳೆದು ಪೂರ್ಣವಾಗಿ ಒಣಗಿಸಬೇಕು. ರಂಧ್ರಗಳಲ್ಲಿ ಆಮ್ಲ ಉಳಿದರೆ ಕೆಲವೇ ದಿನಗಳಲ್ಲಿ ತುಕ್ಕು ಮರಳುತ್ತದೆ. ಹುಣಸೆಯೊಡನೆ ಉಪ್ಪು ಸೇರಿಸಿ ಹಿತ್ತಾಳೆ ಪಾತ್ರೆ ಬೆಳಗುವ ಮನೆಯ ರೂಢಿಯನ್ನು ಕ್ರೋಮ್‌ಗೆ ಅನ್ವಯಿಸಬಾರದು. ಉಪ್ಪು ತುಕ್ಕನ್ನು ಪ್ರಚೋದಿಸುತ್ತದೆ.

ಹೊಳಪು ನೀಡುವುದು: ತುಕ್ಕು ಹೋದ ಬಳಿಕ ಲೋಹಗಳಿಗೆಂದೇ ಇರುವ ನವಿರಾದ ಪಾಲಿಶ್‌ನಿಂದ ಒಮ್ಮೆ ಉಜ್ಜಿ, ಒಣ ಬಟ್ಟೆಯಿಂದ ಒರೆಸಲಾಗುತ್ತದೆ. ಪ್ರತಿ ಬಾರಿಯೂ ಒಂದಿಷ್ಟು ಲೋಹ ಸವೆಯುವುದರಿಂದ ಇದನ್ನು ಪದೇ ಪದೇ ಮಾಡುವುದು ಹಿತಕರವಲ್ಲ. ಕ್ರೋಮ್ ಸವೆದ ಕಡೆ ನಿಕ್ಕಲ್‌ನ ತುಸು ಹಳದಿ ಛಾಯೆ ಇಣುಕುತ್ತದೆ.

ಸೈಲೆನ್ಸರ್ ಕೊಳವೆಯ ಮೇಲೆ ಮೂಡುವ ನೀಲಿ ಅಥವಾ ಹೊಂಬಣ್ಣ ತುಕ್ಕಲ್ಲ. ಅಧಿಕ ಶಾಖದಿಂದ ಆಕ್ಸೈಡ್ ಪೊರೆ ದಪ್ಪವಾದುದರ ಪರಿಣಾಮ ಅದು.

ಲೇಪನದ ಸಂರಕ್ಷಣೆ

ತುಕ್ಕನ್ನು ತೆಗೆದ ಮಾತ್ರಕ್ಕೆ ರಂಧ್ರ ಮುಚ್ಚುವುದಿಲ್ಲ. ಆದ್ದರಿಂದ ರಕ್ಷಕ ಪದರವಿಲ್ಲದ ಭಾಗದಲ್ಲಿ ಮುಂದಿನ ಮಳೆಗಾಲಕ್ಕೇ ಚುಕ್ಕೆಗಳು ಮರಳಿ ಕಾಣಿಸಿಕೊಳ್ಳಬಹುದು. ಕಾರ್ನೌಬಾ ಮೇಣವನ್ನೊಳಗೊಂಡ ವಾಹನದ ಮೇಣ ಅಥವಾ ಕೃತಕ ಸೀಲೆಂಟ್‌ನ್ನು ತೆಳುವಾಗಿ ಹಚ್ಚಿ, ಒಣಗಿದ ಮೇಲೆ ಒರೆಸುವುದು ಸಾಮಾನ್ಯ ಕ್ರಮ. ಬಹುಕಾಲ ನಿಲ್ಲಿಸಿಡುವ ವಾಹನಗಳಿಗೆ ಯಂತ್ರದ ಎಣ್ಣೆ ಅಥವಾ ಪೆಟ್ರೋಲಿಯಂ ಜೆಲ್ಲಿಯನ್ನು ಲೇಪಿಸಲಾಗುತ್ತದೆ. ಬಿಸಿಯಾಗುವ ಸೈಲೆನ್ಸರ್‌ನಂತಹ ಭಾಗಗಳಲ್ಲಿ ಮೇಣ ಕರಗಿ ಸುಟ್ಟುಹೋಗುತ್ತದೆ. ಕಡಲತೀರದಲ್ಲಿ ಆಗಾಗ ಸಿಹಿನೀರಿನಿಂದ ತೊಳೆದು ಒಣಗಿಸುವುದು, ಮಡ್‌ಗಾರ್ಡ್ ಮತ್ತು ಬಂಪರ್‌ಗಳ ಒಳಮೈಗೂ ಎಣ್ಣೆ ಹಚ್ಚುವುದು ಅವಶ್ಯ. ಹೊರಗೆ ಕಾಣದ ಒಳಮೈಯಲ್ಲಿ ಲೇಪನ ತೆಳುವಾಗಿರುವುದರಿಂದ ಅನೇಕ ವೇಳೆ ತುಕ್ಕು ಅಲ್ಲಿಂದಲೇ ಆರಂಭವಾಗುತ್ತದೆ. ತೇವವನ್ನು ಹಿಡಿದಿಡುವ ಪ್ಲಾಸ್ಟಿಕ್ ಹೊದಿಕೆಗಿಂತ ಗಾಳಿಯಾಡುವ ಬಟ್ಟೆಯ ಹೊದಿಕೆ ಉತ್ತಮ.

ಮುನ್ನೆಚ್ಚರಿಕೆಗಳು

ಶೌಚಾಲಯ ತೊಳೆಯಲು ಮಾರುವ ಹೈಡ್ರೋಕ್ಲೋರಿಕ್ ಆಮ್ಲವು ತುಕ್ಕಿನೊಡನೆ ಕ್ರೋಮಿಯಂ ಪದರವನ್ನೂ ಕರಗಿಸುತ್ತದೆ. ಬ್ಲೀಚಿಂಗ್ ದ್ರಾವಣಗಳು ಕೂಡ ಲೇಪನಕ್ಕೆ ಹಾನಿಕರ. ಯಾವುದೇ ಆಮ್ಲವನ್ನು ಬ್ಲೀಚಿಂಗ್ ದ್ರಾವಣದೊಡನೆ ಬೆರೆಸಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ಆಮ್ಲಗಳನ್ನು ಬಳಸುವಾಗ ಕೈಗವಸು ಧರಿಸಿ, ಗಾಳಿಯಾಡುವ ಸ್ಥಳದಲ್ಲಿ ಕೆಲಸ ಮಾಡಬೇಕು. ಕ್ರೋಮ್ ಲೇಪಿತ ಭಾಗವನ್ನು ಬೆಸುಗೆ ಹಾಕಿದರೆ ಹೊಗೆಯಲ್ಲಿ ಹಾನಿಕಾರಕ ಕ್ರೋಮಿಯಂ ಸಂಯುಕ್ತಗಳು ಉಂಟಾಗುತ್ತವೆ.

ಮರುಲೇಪನ ಮತ್ತು ಆರೋಗ್ಯ

ಗುಳಿಗಳು ಆಳವಾಗಿದ್ದರೆ ಅಥವಾ ಲೇಪನ ಎದ್ದಿದ್ದರೆ ಮರುಲೇಪನವೊಂದೇ ಶಾಶ್ವತ ಪರಿಹಾರ. ಹಳೆಯ ಪದರಗಳನ್ನು ತೆಗೆದು, ಉಕ್ಕನ್ನು ಉಜ್ಜಿ ನಯಗೊಳಿಸಿ, ತಾಮ್ರ, ನಿಕ್ಕಲ್ ಮತ್ತು ಕ್ರೋಮಿಯಂ ಪದರಗಳನ್ನು ಕ್ರಮವಾಗಿ ಕೂರಿಸಲಾಗುತ್ತದೆ. ಸಾಂಪ್ರದಾಯಿಕ ಲೇಪನ ತೊಟ್ಟಿಯಲ್ಲಿ ಕ್ರೋಮಿಕ್ ಆಮ್ಲ ಮತ್ತು ಗಂಧಕಾಮ್ಲಗಳು ಸುಮಾರು 100:1ರ ತೂಕದ ಪ್ರಮಾಣದಲ್ಲಿರುತ್ತವೆ. ಇದರಲ್ಲಿರುವ ಆರು ವೇಲೆನ್ಸಿಯ ಕ್ರೋಮಿಯಂ ಶ್ವಾಸಕೋಶದ ಕ್ಯಾನ್ಸರ್‌ಗೆ ಕಾರಣವಾಗುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಇದನ್ನು ಮಾನವರಲ್ಲಿ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ತೊಟ್ಟಿಯಿಂದ ಏಳುವ ತುಂತುರನ್ನು ಉಸಿರಾಡುವ ಕೆಲಸಗಾರರು ಹಾಗೂ ಸಂಸ್ಕರಿಸದ ತ್ಯಾಜ್ಯ ಸೇರಿದ ಅಂತರ್ಜಲವನ್ನು ಬಳಸುವವರು ಇದರ ಅಪಾಯಕ್ಕೆ ಒಳಗಾಗುತ್ತಾರೆ. ಯೂರೋಪಿನ ಒಕ್ಕೂಟದಲ್ಲಿ 2017ರ ಸೆಪ್ಟೆಂಬರ್ ನಂತರ ಕ್ರೋಮಿಯಂ ಟ್ರೈಆಕ್ಸೈಡ್‌ನ ಬಳಕೆಗೆ ವಿಶೇಷ ಅನುಮತಿ ಕಡ್ಡಾಯವಾಯಿತು. ಪರ್ಯಾಯವಾಗಿ, ಕಡಿಮೆ ವಿಷಕಾರಿಯಾದ ಮೂರು ವೇಲೆನ್ಸಿಯ ಕ್ರೋಮಿಯಂ ಲೇಪನವು ಬಳಕೆಗೆ ಬಂದಿದೆ. ಅದರ ಬಣ್ಣ ಹಳೆಯ ಕ್ರೋಮ್‌ಗಿಂತ ತುಸು ಭಿನ್ನವಾಗಿರಬಹುದು. ಬಳಕೆದಾರರು ಈಗಿರುವ ಲೇಪನವನ್ನು ಕಾಪಾಡಿಕೊಂಡಷ್ಟೂ ಮರುಲೇಪನದ ವೆಚ್ಚವೂ, ಅದರಿಂದಾಗುವ ಮಾಲಿನ್ಯವೂ ಕಡಿಮೆಯಾಗುತ್ತವೆ.

ಇವನ್ನೂ ನೋಡಿ

ಕ್ರೋಮಿಯಂ
ತುಕ್ಕು
ವಿದ್ಯುಲ್ಲೇಪನ
ನಿಕ್ಕಲ್