ತಾಮ್ರದ ತಂತಿಯ ಕಾಲ

ತೇರದಾಳದ ಮನೆಗಳಿಗೆ ಇಂಟರ್ನೆಟ್ ಬಂದದ್ದು ಟೆಲಿಫೋನಿನ ತಂತಿ ಹಿಡಿದು. 2000ದ ಅಕ್ಟೋಬರ್ 1ರಂದು ಹುಟ್ಟಿದ ಬಿಎಸ್‌ಎನ್‌ಎಲ್ 2005ರ ಜನವರಿಯಲ್ಲಿ ಬ್ರಾಡ್‌ಬ್ಯಾಂಡ್ ಆರಂಭಿಸಿತು. ನಮ್ಮಂಥ ಊರುಗಳಿಗೆ ಅದು ತಲುಪಿದ್ದು ಆಮೇಲೆ.

ಒಂದೇ ಜೋಡಿ ತಾಮ್ರದ ತಂತಿ. ಮಾತು 4 ಕಿಲೋಹರ್ಟ್ಸ್‌ನ ಕೆಳಗೆ, ಡೇಟಾ ಅದಕ್ಕಿಂತ ಬಹಳ ಮೇಲೆ. ಎರಡನ್ನೂ ಬೇರ್ಪಡಿಸುವುದು ಸ್ಪ್ಲಿಟರ್ ಎಂಬ ಪುಟ್ಟ ಡಬ್ಬಿ. ‘ನೆಟ್ ಬರವಲ್ದ್ರಿ’ ಎಂದು ನೇಕಾರರ ಮನೆಯಿಂದ ಕರೆ ಬಂದರೆ ನಾನು ಮೊದಲು ಕಂಪ್ಯೂಟರ್ ಮುಟ್ಟುತ್ತಿರಲಿಲ್ಲ. ರಿಸೀವರ್ ಎತ್ತಿ ಕಿವಿಗಿಡುತ್ತಿದ್ದೆ. ಕರಕರ ಸದ್ದಿದ್ದರೆ ಬಹುತೇಕ ಜಾಯಿಂಟಿನಲ್ಲಿ ನೀರು. ಹಸಿರು ಕಿಲುಬು ಕೆರೆದು, ತಂತಿ ಹೊಸದಾಗಿ ಹೊಸೆದು, ಟೇಪು ಸುತ್ತಿದರೆ ಮೋಡೆಮ್‌ನ ಮಿಣುಕುವ ದೀಪ ಸ್ಥಿರವಾಗುತ್ತಿತ್ತು. ಮಾತು ಶುದ್ಧವಿದ್ದೂ ದೀಪ ನಿಲ್ಲದಿದ್ದರೆ ಸ್ಪ್ಲಿಟರ್ ತೆಗೆದು ನೇರ ಜೋಡಿಸಿ ನೋಡುವುದು. ಹಿರಿಯ ಲೈನ್‌ಮನ್‌ಗಳ ಈ ಕಿವಿಯ ವಿದ್ಯೆಯನ್ನು ಯಾರೂ ಬರೆದಿಡಲಿಲ್ಲ. ಆ ನೋವು ನನಗಿದೆ.

ಮಗ್ಗದ ಮನೆಗಳಲ್ಲಿ ಇನ್ನೊಂದು ತೊಂದರೆ. ದಿನವಿಡೀ ಅದುರುವ ಗೋಡೆ, ಸಾಕೆಟ್ಟಿನೊಳಗೆ ಹತ್ತಿಯ ಧೂಳು. ಕ್ಲಿಪ್ ಮುರಿದ ಪ್ಲಗ್ ತಾನಾಗಿ ಸಡಿಲವಾಗುತ್ತಿತ್ತು.

ಈಗ ಫೈಬರ್. ಅದಕ್ಕೆ ಕಿಲುಬಿಲ್ಲ, ಆದರೆ ಚೂಪಾಗಿ ಮಡಿಸಿದರೆ ಬೆಳಕು ಸೋರುತ್ತದೆ. ಮನೆಯೊಳಗಿನ ಲ್ಯಾನ್ ಕೇಬಲ್ ಮಾತ್ರ ಇನ್ನೂ ತಾಮ್ರದ್ದೇ, ಎಂಟು ಎಳೆ. ಸೆಕೆಂಡಿಗೆ 100 ಮೆಗಾಬಿಟ್‌ಗೆ ನಾಲ್ಕು ಸಾಕು. 1000ಕ್ಕೆ ಎಂಟೂ ಬೇಕು. ವೇಗ 100ಕ್ಕೇ ನಿಂತಿತೆಂದು ಹುಡುಗರು ಕರೆದರೆ ನಾನು ಪ್ಲಗ್ಗಿನೊಳಗಿನ ಎಳೆಗಳನ್ನು ಒಂದೊಂದಾಗಿ ನೋಡುತ್ತೇನೆ.