ಸಾಮಾಜಿಕ ವಸತಿಯಲ್ಲಿ ಸಹಭಾಗಿತ್ವ: ಭಾರತದಲ್ಲಿ ಅದರ ಬೆಳವಣಿಗೆ

ಮಾರುಕಟ್ಟೆಯ ಬೆಲೆಗೆ ಮನೆ ಕೊಳ್ಳಲೂ ಬಾಡಿಗೆಗೆ ಹಿಡಿಯಲೂ ಶಕ್ತಿಯಿಲ್ಲದ ಕುಟುಂಬಗಳಿಗೆ ಸಾರ್ವಜನಿಕ ನೆರವಿನಿಂದ ದೊರಕಿಸುವ ವಾಸಸ್ಥಾನವನ್ನು ಸಾಮಾಜಿಕ ವಸತಿ ಎಂದು ಕರೆಯಲಾಗುತ್ತದೆ. ಇಂತಹ ಮನೆಯನ್ನು ಕಟ್ಟಲು ತಗಲುವ ವೆಚ್ಚಕ್ಕೂ ಅದರಲ್ಲಿ ವಾಸಿಸುವವರು ತೆರಬಲ್ಲ ಮೊತ್ತಕ್ಕೂ ನಡುವೆ ಒಂದು ಅಂತರ ಇದ್ದೇ ಇರುತ್ತದೆ. ಈ ಅಂತರವನ್ನು ತುಂಬುವವರು ಯಾರು, ಯಾವುದರಿಂದ ತುಂಬುತ್ತಾರೆ, ಅದಕ್ಕೆ ಪ್ರತಿಯಾಗಿ ಏನನ್ನು ಪಡೆಯುತ್ತಾರೆ ಎಂಬ ಪ್ರಶ್ನೆಗಳಿಗೆ ಕಾಲಕಾಲಕ್ಕೆ ದೊರೆತ ಉತ್ತರಗಳೇ ಸರ್ಕಾರ, ಸ್ವಯಂಸೇವಾ ಸಂಸ್ಥೆಗಳು ಮತ್ತು ಖಾಸಗಿ ಬಂಡವಾಳದ ನಡುವಿನ ಸಹಭಾಗಿತ್ವದ ಇತಿಹಾಸವಾಗಿವೆ.

ಭಾರತದ ನಗರಗಳಲ್ಲಿ ಬಡವರ ವಸತಿ ಆಡಳಿತದ ಚಿಂತೆಯಾದದ್ದು ಪ್ಲೇಗ್ ಪಿಡುಗಿನಿಂದ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ರೋಗ ಕಾರ್ಮಿಕರ ಇಕ್ಕಟ್ಟಾದ ಚಾಳುಗಳಲ್ಲಿ ಹಬ್ಬಿದ ಪರಿಣಾಮವಾಗಿ 1898ರಲ್ಲಿ ಮುಂಬಯಿ ನಗರ ಸುಧಾರಣಾ ಟ್ರಸ್ಟ್ ಹುಟ್ಟಿತು. ಅದೇ ವರ್ಷ ಪ್ಲೇಗಿಗೆ ತುತ್ತಾದ ಬೆಂಗಳೂರಿನಲ್ಲಿ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡವು. ಆದರೆ ಮುಂಬಯಿಯ ಟ್ರಸ್ಟ್ ಕೆಡವಿದಷ್ಟು ಕೋಣೆಗಳನ್ನು ಮರಳಿ ಕಟ್ಟಲಿಲ್ಲ, ಬೆಂಗಳೂರಿನ ಹೊಸ ಬಡಾವಣೆಗಳು ಮುಖ್ಯವಾಗಿ ನಿವೇಶನ ಕೊಳ್ಳಬಲ್ಲವರಿಗೆ ಒದಗಿದವು. 1920ರ ದಶಕದಲ್ಲಿ ಮುಂಬಯಿ ಅಭಿವೃದ್ಧಿ ಇಲಾಖೆ ವರ್ಲಿ, ನಾಯಗಾಂವ್ ಮೊದಲಾದೆಡೆ ಕಟ್ಟಿಸಿದ 207 ಚಾಳುಗಳು ಸರ್ಕಾರ ತಾನೇ ಕಾರ್ಮಿಕರಿಗೆ ಮನೆಯೊಡೆಯನಾಗಲು ಮಾಡಿದ ಮೊದಲ ದೊಡ್ಡ ಯತ್ನಗಳಲ್ಲಿ ಒಂದು.

ಸ್ವಾತಂತ್ರ್ಯಾನಂತರ ಸರ್ಕಾರವೇ ಮುಖ್ಯ ನಿರ್ಮಾಪಕನೆಂಬ ನಂಬಿಕೆ ಬಲವಾಯಿತು. 1952ರ ಕೈಗಾರಿಕಾ ಕಾರ್ಮಿಕರ ವಸತಿ ಯೋಜನೆ ರಾಜ್ಯಗಳಿಗೆ ಮಾತ್ರವಲ್ಲದೆ ಕಾರ್ಖಾನೆಗಳ ಮಾಲೀಕರಿಗೂ ಕಾರ್ಮಿಕರ ಸಹಕಾರ ಸಂಘಗಳಿಗೂ ಸಾಲ ಮತ್ತು ಸಹಾಯಧನ ನೀಡಲು ಮುಂದಾದರೂ ಮಾಲೀಕರ ಸ್ಪಂದನೆ ತೀರಾ ಕಡಿಮೆಯಿತ್ತು. 1970ರಲ್ಲಿ ಸ್ಥಾಪನೆಯಾದ ಹುಡ್ಕೊ, ಅಂದರೆ ವಸತಿ ಮತ್ತು ನಗರಾಭಿವೃದ್ಧಿ ನಿಗಮ, ದುರ್ಬಲ ವರ್ಗದ ಮನೆಗಳಿಗೆ ಕಡಿಮೆ ಬಡ್ಡಿಯ ಸಾಲವನ್ನೂ ಮೇಲಿನ ವರ್ಗದವರ ಮನೆಗಳಿಗೆ ಹೆಚ್ಚಿನ ಬಡ್ಡಿಯ ಸಾಲವನ್ನೂ ಕೊಟ್ಟು, ಒಂದರ ಆದಾಯದಿಂದ ಇನ್ನೊಂದರ ಹೊರೆಯನ್ನು ತಗ್ಗಿಸುವ ಪದ್ಧತಿಯನ್ನು ನೆಲೆಗೊಳಿಸಿತು. ಕರ್ನಾಟಕದಲ್ಲಿ 1973ರ ಕಾಯ್ದೆಯನ್ವಯ ಕೊಳಚೆ ಪ್ರದೇಶಗಳಿಗಾಗಿಯೇ ಪ್ರತ್ಯೇಕ ಮಂಡಳಿ ರಚನೆಯಾದದ್ದು ಈ ಅವಧಿಯಲ್ಲಿಯೇ.

ಕಟ್ಟಿದ ಮನೆಗಳು ಬೇಡಿಕೆಯ ಬಹು ಸಣ್ಣ ಪಾಲನ್ನು ಮಾತ್ರ ಪೂರೈಸಿದ್ದರಿಂದ 1970 ಮತ್ತು 80ರ ದಶಕಗಳಲ್ಲಿ, ಪೂರ್ಣ ಮನೆಯ ಬದಲು ನಿವೇಶನ, ನೀರು, ಚರಂಡಿ ಮತ್ತು ರಸ್ತೆಯನ್ನು ಒದಗಿಸಿ ಮನೆ ಬೆಳೆಸುವ ಕೆಲಸವನ್ನು ಕುಟುಂಬಕ್ಕೇ ಬಿಡುವ ಚಿಂತನೆ ಮುನ್ನೆಲೆಗೆ ಬಂದಿತು. ಇದರ ಶ್ರೇಷ್ಠ ನಿದರ್ಶನ ಇಂದೋರಿನ ಅರಣ್ಯ ಬಡಾವಣೆ. ವಿಶ್ವಬ್ಯಾಂಕ್ ಮತ್ತು ಹುಡ್ಕೊ ನೆರವಿನಿಂದ ಇಂದೋರ್ ಅಭಿವೃದ್ಧಿ ಪ್ರಾಧಿಕಾರ ಕೈಗೊಂಡ ಈ ಯೋಜನೆಯನ್ನು ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ ಅವರ ವಾಸ್ತು-ಶಿಲ್ಪ ಪ್ರತಿಷ್ಠಾನ ರೂಪಿಸಿತು. ಸುಮಾರು 85 ಹೆಕ್ಟೇರಿನಲ್ಲಿ 6,500ರಷ್ಟು ನಿವೇಶನಗಳಿದ್ದ ಅಲ್ಲಿ ಬಡ ಕುಟುಂಬಕ್ಕೆ ತಳಪಾಯ, ನೀರಿನ ಸೌಕರ್ಯ ಮತ್ತು ಶೌಚಾಲಯವುಳ್ಳ ಪುಟ್ಟ ಘಟಕವನ್ನು ಕೊಟ್ಟು, ದೊಡ್ಡ ನಿವೇಶನಗಳ ಮಾರಾಟದಿಂದ ಬಂದ ಹಣದಲ್ಲಿ ಅದರ ಕೊರತೆಯನ್ನು ತುಂಬಲಾಯಿತು. 1995ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಪಡೆದ ಈ ಯೋಜನೆಯಲ್ಲಿ ಸರ್ಕಾರದ ಭೂಮಿ, ಪ್ರತಿಷ್ಠಾನದ ಜ್ಞಾನ ಮತ್ತು ನಿವಾಸಿಯ ದುಡಿಮೆ ಒಂದೆಡೆ ಸೇರಿದವು.

ಇದೇ ಕಾಲದಲ್ಲಿ ಸ್ವಯಂಸೇವಾ ಸಂಸ್ಥೆಗಳ ಪಾತ್ರವೂ ಬದಲಾಯಿತು. 1984ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾದ ಸ್ಪಾರ್ಕ್ ಸಂಸ್ಥೆ ಪಾದಚಾರಿ ಮಾರ್ಗಗಳಲ್ಲಿ ವಾಸಿಸುವ ಮಹಿಳೆಯರ ಉಳಿತಾಯ ಗುಂಪುಗಳಿಂದ ಬೆಳೆದ ಮಹಿಳಾ ಮಿಲನ್ ಮತ್ತು ರಾಷ್ಟ್ರೀಯ ಕೊಳೆಗೇರಿ ನಿವಾಸಿಗಳ ಒಕ್ಕೂಟದೊಡನೆ ಕೈಜೋಡಿಸಿತು. ಒಕ್ಕೂಟದ ನಾಯಕರಾಗಿದ್ದ ಎ. ಜೋಕಿನ್ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಹುಟ್ಟಿ ಮುಂಬಯಿಯ ಕೊಳೆಗೇರಿಯಲ್ಲಿ ಬದುಕಿದವರು. 2000ದಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದವರು. ನಿವಾಸಿಗಳೇ ತಮ್ಮ ಮನೆಗಳನ್ನು ಎಣಿಸಿ, ನಕ್ಷೆ ಬರೆದು, ಉಳಿತಾಯ ಮಾಡಿ, ಆ ದಾಖಲೆಯ ಬಲದ ಮೇಲೆ ಅಧಿಕಾರಿಗಳೊಡನೆ ಮಾತುಕತೆ ನಡೆಸುವುದು ಈ ಕೂಟದ ವಿಧಾನ. ಮುಂಬಯಿಯ ರೈಲು ಹಳಿಗಳ ಅಂಚಿನಲ್ಲಿದ್ದ ಸುಮಾರು 60,000 ಜನರ ಸ್ಥಳಾಂತರ ಬಹುಪಾಲು ಬಲಪ್ರಯೋಗವಿಲ್ಲದೆ ನಡೆಯಲು ಇದೇ ಕಾರಣ. ಧಾರಾವಿಯ ರಾಜೀವ್ ಇಂದಿರಾ ಸಹಕಾರ ಸಂಘದ ಕಟ್ಟಡಗಳಿಗೆ ಬ್ರಿಟನ್ನಿನ ಹೋಮ್‌ಲೆಸ್ ಇಂಟರ್‌ನ್ಯಾಷನಲ್ ಎಂಬ ದತ್ತಿಸಂಸ್ಥೆ ಖಾತರಿ ನಿಂತು ಸಿಟಿಬ್ಯಾಂಕ್ ಸಾಲ ಕೊಟ್ಟದ್ದು ಮತ್ತೊಂದು ಹೊಸ ಹೆಜ್ಜೆ: ಬಡವರಿಗೆ ಸಾಲ ಕೊಡಲು ಬ್ಯಾಂಕು ಕಾಣುವ ಅಪಾಯವನ್ನು ಇಲ್ಲಿ ದಾನದ ಹಣ ಹೊತ್ತುಕೊಂಡಿತು.

ಮೂರೂ ಪಕ್ಷಗಳ ಪಾಲನ್ನು ಸ್ಪಷ್ಟವಾಗಿ ಗೊತ್ತುಪಡಿಸಿದ ಪ್ರಯೋಗ 1995ರಲ್ಲಿ ಅಹಮದಾಬಾದಿನಲ್ಲಿ ಆರಂಭವಾದ ‘ಪರಿವರ್ತನ್’. ಕೊಳೆಗೇರಿಗೆ ನೀರು, ಒಳಚರಂಡಿ, ಶೌಚಾಲಯ ಮತ್ತು ಬೀದಿ ಒದಗಿಸುವ ಈ ಯೋಜನೆಯಲ್ಲಿ ಪ್ರತಿ ಕುಟುಂಬ 2,000 ರೂಪಾಯಿ ಕೊಟ್ಟರೆ ಅಷ್ಟೇ ಮೊತ್ತವನ್ನು ನಗರಪಾಲಿಕೆಯೂ ಖಾಸಗಿ ಪಾಲುದಾರರೂ ಸೇರಿಸಬೇಕಿತ್ತು. ಪ್ರಾಯೋಗಿಕ ಹಂತಕ್ಕೆ ಅರವಿಂದ್ ಮಿಲ್ಸ್ ಮುಂದೆ ಬಂದಿತು, ‘ಸೇವಾ’ ಎಂಬ ಸ್ವಯಂ ಉದ್ಯೋಗಿ ಮಹಿಳೆಯರ ಸಂಘಟನೆಯ ಮಹಿಳಾ ಹೌಸಿಂಗ್ ಟ್ರಸ್ಟ್ ಮತ್ತು ಸಾಥ್ ಸಂಸ್ಥೆಗಳು ನಿವಾಸಿಗಳನ್ನು ಸಂಘಟಿಸಿದವು, ಪಾಲಿಕೆ ಹತ್ತು ವರ್ಷ ತೆರವುಗೊಳಿಸುವುದಿಲ್ಲವೆಂಬ ಭರವಸೆ ನೀಡಿತು. ಮುಂದಿನ ಹಂತಗಳಲ್ಲಿ ಖಾಸಗಿ ಪಾಲು ಮೊದಲಿನಂತೆ ಬರಲಿಲ್ಲ, ಅದರ ಹೊರೆಯನ್ನು ಪಾಲಿಕೆಯೇ ಹೊರಬೇಕಾಯಿತು. ಆದರೂ ಆ ಭರವಸೆ ದೊರೆತೊಡನೆ ಕುಟುಂಬಗಳು ತಮ್ಮ ಹಣದಿಂದ ಮನೆಗಳನ್ನು ಗಟ್ಟಿಗೊಳಿಸಿಕೊಂಡವು.

1995ರ ಕೊನೆಯಲ್ಲಿ ಮುಂಬಯಿಯಲ್ಲಿ ರಚನೆಯಾದ ಕೊಳೆಗೇರಿ ಪುನರ್ವಸತಿ ಪ್ರಾಧಿಕಾರ ಸಂಪೂರ್ಣ ಬೇರೆ ದಾರಿ ಹಿಡಿಯಿತು. ಆರಂಭದ ನಿಯಮದಂತೆ ನಿವಾಸಿಗಳಲ್ಲಿ ನೂರಕ್ಕೆ 70 ಮಂದಿ ಒಪ್ಪಿದರೆ ಬಿಲ್ಡರ್ ಅವರಿಗೆ ತಲಾ 225 ಚದರ ಅಡಿಯ ಮನೆಯನ್ನು ಉಚಿತವಾಗಿ ಕಟ್ಟಿಕೊಡಬೇಕಿತ್ತು. ಪ್ರತಿಯಾಗಿ ಉಳಿದ ಜಾಗದಲ್ಲಿ ಹೆಚ್ಚಿನ ಅಂತಸ್ತುಗಳನ್ನು ಕಟ್ಟಿ ಮಾರುವ ಹಕ್ಕನ್ನು, ಅಥವಾ ಆ ಹಕ್ಕನ್ನು ನಗರದ ಬೇರೆಡೆಗೆ ಒಯ್ಯುವ ಅವಕಾಶವನ್ನು ಆತ ಪಡೆಯುತ್ತಾನೆ. ಸರ್ಕಾರದ ಬೊಕ್ಕಸದಿಂದ ಹಣ ಹೋಗದ ಈ ಪದ್ಧತಿಯಲ್ಲಿ ಅಂತರವನ್ನು ತುಂಬುವುದು ಭೂಮಿಯ ಬೆಲೆ. ಆದ್ದರಿಂದ ನೆಲ ದುಬಾರಿಯಾದಲ್ಲಿ ಮಾತ್ರ ಅದು ಫಲಿಸುತ್ತದೆ, ಕಟ್ಟಡಗಳು ಗಾಳಿಬೆಳಕಿಗೆ ಎಡೆಯಿಲ್ಲದಂತೆ ಒತ್ತೊತ್ತಾಗುತ್ತವೆ, ಲಿಫ್ಟು ಮತ್ತು ನೀರೆತ್ತುವ ಪಂಪಿನ ನಿರ್ವಹಣೆ ನಿವಾಸಿಗಳ ತಲೆಗೆ ಬೀಳುತ್ತದೆ.

ಮನೆಯ ರೂಪ ನಿರ್ಧರಿಸುವಲ್ಲಿ ನಿವಾಸಿಗಳಿಗೆ ಪಾಲಿರಬೇಕೆಂಬ ಪಾಠವನ್ನು ನೈಸರ್ಗಿಕ ವಿಕೋಪಗಳ ಅನುಭವವೂ ದೃಢಪಡಿಸುತ್ತದೆ. 2001ರ ಕಛ್ ಭೂಕಂಪದ ನಂತರ ಗುಜರಾತ್ ಸರ್ಕಾರ ಪರಿಹಾರವನ್ನು ಕಂತುಗಳಲ್ಲಿ ಮನೆಯೊಡೆಯರಿಗೇ ನೀಡಿದಾಗ ಹುನ್ನರ್‌ಶಾಲಾದಂತಹ ಸಂಸ್ಥೆಗಳು ಭೂಕಂಪ ತಾಳಬಲ್ಲ ಸ್ಥಳೀಯ ನಿರ್ಮಾಣ ವಿಧಾನಗಳನ್ನು ಕಲಿಸಿದವು. 2009ರ ಉತ್ತರ ಕರ್ನಾಟಕದ ನೆರೆಯ ನಂತರ ‘ಆಸರೆ’ ಯೋಜನೆಯಲ್ಲಿ ಸರ್ಕಾರ ಭೂಮಿ ಕೊಟ್ಟು, ಇನ್ಫೋಸಿಸ್ ಪ್ರತಿಷ್ಠಾನ, ಮಾತಾ ಅಮೃತಾನಂದಮಯಿ ಮಠ ಮೊದಲಾದ ದಾನಿಗಳು ಮನೆ ಕಟ್ಟಿಕೊಟ್ಟರು. ಕಾಳಜಿಯಿಂದ ಎದ್ದ ಈ ನವಗ್ರಾಮಗಳಲ್ಲಿ ಕೆಲವೆಡೆ ಮನೆಗಳು ಖಾಲಿ ಉಳಿದವು. ಹೊಲ ದೂರವಾದ, ದನ ಕಟ್ಟಲು ಮತ್ತು ಕಾಳು ತುಂಬಿಡಲು ಸ್ಥಳವಿಲ್ಲದ ಮನೆ ರೈತಾಪಿ ಕುಟುಂಬಕ್ಕೆ ಒಗ್ಗುವುದು ಕಷ್ಟ.

2015ರ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ಭಾಗ ಈ ಎಲ್ಲ ಧಾರೆಗಳನ್ನೂ ಒಳಗೊಂಡಿತು. ಭೂಮಿಯ ಬೆಲೆಯ ಆಧಾರದ ಮೇಲೆ ಕೊಳೆಗೇರಿ ಪುನರ್ನಿರ್ಮಾಣ, ಸಾಲದ ಬಡ್ಡಿಗೆ ಸಹಾಯಧನ, ಶೇ. 35ರಷ್ಟಾದರೂ ಮನೆಗಳನ್ನು ದುರ್ಬಲ ವರ್ಗಕ್ಕೆ ಮೀಸಲಿಡುವ ಪಾಲುದಾರಿಕೆಯ ವಸತಿ ಸಮುಚ್ಚಯ, ಹಾಗೂ ಸ್ವಂತ ನಿವೇಶನದಲ್ಲಿ ಮನೆ ಕಟ್ಟಿಕೊಳ್ಳುವವರಿಗೆ 1.5 ಲಕ್ಷ ರೂಪಾಯಿಗಳ ಕೇಂದ್ರ ನೆರವು ಎಂಬ ನಾಲ್ಕು ವಿಧಾನಗಳಲ್ಲಿ ಅತಿ ಹೆಚ್ಚು ಮನೆಗಳು ಮಂಜೂರಾದದ್ದು ಕೊನೆಯದರಲ್ಲಿ. ಆದರೆ ಹಕ್ಕುಪತ್ರವಿರುವವರಿಗಷ್ಟೇ ಅದು ಎಟಕುವುದರಿಂದ, ನೆಲವೇ ಇಲ್ಲದ ಅತಿ ಬಡವರೂ ಬಾಡಿಗೆಗಿರುವ ವಲಸೆ ಕಾರ್ಮಿಕರೂ ಹೊರಗುಳಿದರು.

ಈ ದೀರ್ಘ ಇತಿಹಾಸದಿಂದ ಹೊಮ್ಮುವ ತೀರ್ಮಾನ ಖಚಿತವಾದುದು. ಖಾಸಗಿ ಬಂಡವಾಳ ಲಾಭವಿರುವಲ್ಲಿಗೆ ಮಾತ್ರ ಬರುತ್ತದೆ, ದಾನದ ಹಣ ಕಡಿಮೆಯಾದರೂ ಇತರರು ಹೊರಲೊಲ್ಲದ ಅಪಾಯವನ್ನು ಹೊರಬಲ್ಲದು, ಭೂಮಿ ಮತ್ತು ವಾಸದ ಭದ್ರತೆಯನ್ನು ಸರ್ಕಾರವಲ್ಲದೆ ಬೇರಾರೂ ಕೊಡಲಾರರು. ಈ ಮೂವರ ಒಪ್ಪಂದ ಬಾಳಿದ್ದು ನಿವಾಸಿಗಳು ನಾಲ್ಕನೆಯ ಪಕ್ಷವಾಗಿ, ಸಹಿ ಹಾಕುವ ಅಧಿಕಾರದೊಡನೆ ಅದರಲ್ಲಿ ಸೇರಿದ್ದೆಡೆ. ಮುಂದಿನ ವಸತಿ ನೀತಿ ಅವರನ್ನು ಫಲಾನುಭವಿಗಳ ಪಟ್ಟಿಯಲ್ಲಿ ಹೆಸರಿಸಿ ಸುಮ್ಮನಾಗದೆ, ಸ್ಥಳದ ಆಯ್ಕೆ, ಮನೆಯ ನಕ್ಷೆ ಮತ್ತು ನಿರ್ವಹಣೆಯ ವೆಚ್ಚ ಈ ಮೂರರಲ್ಲೂ ಅವರ ಒಪ್ಪಿಗೆಯನ್ನು ಕಾನೂನಿನ ಷರತ್ತಾಗಿಸಬೇಕು.