ಸ್ನಾನವೂ ದೀಕ್ಷೆಯೂ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳೂ ಕಲ್ಲುಬೆಟ್ಟಗಳ ಸೀಮೆ. ಇಲ್ಲಿ ಮಳೆ ಸ್ವಲ್ಪ, ನೀರಿಗೆ ಬೆಲೆ ಬಹಳ. ದೇವರಾಯನದುರ್ಗದಲ್ಲಿ ಹುಟ್ಟಿದ ಜಯಮಂಗಲಿಯು ಕೊರಟಗೆರೆ ಮಧುಗಿರಿಗಳ ನೆಲವನ್ನು ಹಾಯ್ದು ಉತ್ತರ ಪಿನಾಕಿನಿಯನ್ನು ಸೇರುವುದು. ಸಿದ್ಧರಬೆಟ್ಟದ ಗುಹೆಯ ಚಿಲುಮೆಯನ್ನು ಜನರು ತೀರ್ಥವೆಂದೇ ಭಾವಿಸುವರು. ದೇವರ ಸನ್ನಿಧಿಗೆ ಹೋಗುವವನು ಮೊದಲು ಮಿಂದು ಮಡಿಯಾಗಬೇಕೆಂಬುದನ್ನು ಇಲ್ಲಿಯ ಜನಕ್ಕೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕ್ರೈಸ್ತಮತವನ್ನು ಬೋಧಿಸಲು ಬಂದವರಿಗೆ ಇದೇ ಅನುಕೂಲವಾಯಿತು, ತೊಡಕಾದುದೂ ಇದೇ.

ಮೈಸೂರು ದೇಶದಲ್ಲಿ ಈ ಬೋಧೆಯು ನೆಲೆಗೊಂಡುದು 17ನೆಯ ಶತಮಾನದ ನಡುವಿನಲ್ಲಿ. ಇಟಲಿಯ ಜೆಸ್ವಿತ್ ಪಾದ್ರಿ ಲಿಯೊನಾರ್ಡೊ ಚಿನ್ನಮಿಯವರು ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡವನ್ನು ಕಲಿತು, ರಾಬರ್ಟ್ ಡಿ ನೊಬಿಲಿಯವರು 1606ರಿಂದ ಮಧುರೆಯಲ್ಲಿ ಹಾಕಿಕೊಟ್ಟಿದ್ದ ಮಾರ್ಗವನ್ನೇ ಅನುಸರಿಸಿದರು. ನಾಡಿನ ಸಂನ್ಯಾಸಿಗಳಂತೆ ಬಾಳಿ, ನಾಡಿನ ಮಾತುಗಳಿಂದಲೇ ತಮ್ಮ ಧರ್ಮವನ್ನು ತಿಳಿಸುವುದು ಆ ಮಾರ್ಗ. ಕೆಥೋಲಿಕರು ಜ್ಞಾನಸ್ನಾನವೆಂದೂ ಪ್ರಾಟೆಸ್ಟಂಟರು ದೀಕ್ಷಾಸ್ನಾನವೆಂದೂ ಕರೆಯುವ ಸಂಸ್ಕಾರದ ಮೂಲ ಗ್ರೀಕ್ ಶಬ್ದಕ್ಕೆ ಬರಿದೆ ಮುಳುಗಿಸುವುದೆಂದರ್ಥ. ಅದರಲ್ಲಿ ಜ್ಞಾನವೂ ಇಲ್ಲ, ದೀಕ್ಷೆಯೂ ಇಲ್ಲ. ಇದು ಹೊಳೆಯ ಮೀಹವಲ್ಲವೆಂದು ತೋರಿಸುವುದಕ್ಕಾಗಿ ಕನ್ನಡದಲ್ಲಿ ಆ ಪೂರ್ವಪದಗಳು ಬೇಕಾದುವು. ದಿನದ ಸ್ನಾನವನ್ನು ದಿನವೂ ಮಾಡಬೇಕು. ಇದನ್ನಾದರೋ ಜನ್ಮದಲ್ಲಿ ಒಂದೇ ಸಲ. ಬಳಿಕ ಮತ್ತೆ ಮತ್ತೆ ನಡೆಯತಕ್ಕದ್ದು ಪಾಪನಿವೇದನೆ, ಉಪವಾಸ, ಈಸ್ಟರಿಗೆ ಮೊದಲು 40 ದಿನಗಳ ತಪಸ್ಸುಕಾಲ. ದೀಕ್ಷೆಯೆಂಬ ಪದವಂತೂ ವೀರಶೈವರ ಮನೆಗಳಲ್ಲಿ ಗುರುವು ಲಿಂಗವನ್ನು ಅನುಗ್ರಹಿಸುವ ಕ್ಷಣವನ್ನು ನೆನಪಿಗೆ ತರುವ ಪದ. ಅದನ್ನು ಆರಿಸಿಕೊಂಡವರ ಕಿವಿ ಸೂಕ್ಷ್ಮವಾದುದೆಂದೇ ಹೇಳಬೇಕು.

ಪದ ಹೊಂದಿದ ಮಾತ್ರಕ್ಕೆ ಅರ್ಥ ಹೊಂದುವುದೇ? 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಮೈಸೂರಿಗೆ ಬಂದು 1823ರವರೆಗೆ ಇಲ್ಲಿದ್ದ ಫ್ರೆಂಚ್ ಪಾದ್ರಿ ದುಬ್ವಾ ಅವರು, ತೀರ್ಥ, ಉಪವಾಸ, ಉತ್ಸವ ಇವುಗಳಲ್ಲಿ ಕೆಥೋಲಿಕ ಪದ್ಧತಿಯು ಹಿಂದೂಗಳ ಆಚಾರಕ್ಕೆ ಹತ್ತಿರವಾದುದೆಂದು ಬರೆದರು. ಆದರೂ ಈ ಜನರು ಕ್ರೈಸ್ತರಾಗುವ ಆಸೆಯನ್ನೇ ಕೈಬಿಟ್ಟರು. ಕಾರಣ ದೂರವಿಲ್ಲ. ಆ ನೀರನ್ನು ತಲೆಯ ಮೇಲೆ ಹೊಯ್ಯಿಸಿಕೊಂಡು ತಾನು ಶುದ್ಧನಾದೆನೆಂದು ಒಬ್ಬನು ತಿಳಿದ ಗಳಿಗೆಯಲ್ಲಿಯೇ, ಕುಲದವರ ಕಣ್ಣಿಗೆ ಅವನು ಮೈಲಿಗೆಯಾಗುತ್ತಿದ್ದನು. ಊಟದ ಪಂಕ್ತಿ, ಮದುವೆಯ ಸಂಬಂಧ, ಕೆಲವು ವೇಳೆ ಹುಟ್ಟಿದ ಮನೆಯೇ ಅವನಿಗೆ ತಪ್ಪುತ್ತಿದ್ದಿತು. ಶುದ್ಧಿಗೆ ಇಷ್ಟು ಬೆಲೆಯನ್ನು ಕೊಡಬೇಕೆಂದರೆ ಎಷ್ಟು ಜನ ಮುಂದೆ ಬಂದಾರು?

ಶಿರಾ ತಾಲ್ಲೂಕಿನ ಗಡಿಗೆ ತಗುಲಿದ ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್‌ಸನ್ನರು 1837ರಲ್ಲಿ ನೆಲೆಸಿದರು. ಜಾನ್ ವೆಸ್ಲಿಯವರ ಅನುಯಾಯಿಗಳಿಗೆ ಒಂದು ಸಲದ ಸ್ನಾನವು ಆರಂಭ ಮಾತ್ರ. ಹೃದಯವು ಪೂರ್ಣವಾಗಿ ಪವಿತ್ರವಾಗುವವರೆಗೆ ಸಾಧನೆಯು ನಡೆಯಬೇಕು. 1839ರಲ್ಲಿ ಐರ್ಲೆಂಡಿನ ವಿಲಿಯಂ ಆರ್ಥರ್ ಎಂಬ 20 ವರ್ಷದ ತರುಣರು ಗುಬ್ಬಿಗೆ ಬಂದು ಕನ್ನಡವನ್ನು ಅಭ್ಯಾಸಮಾಡಿದರು. ದೇಹ ಕೆಟ್ಟು, ಕಣ್ಣಿನ ಶಕ್ತಿ ಕುಂದಿ, 1841ರಲ್ಲಿಯೇ ಸ್ವದೇಶಕ್ಕೆ ಹಿಂದಿರುಗಬೇಕಾಯಿತು. ಇಲ್ಲಿಯ ಅನುಭವಗಳನ್ನು ಅವರು 1847ರ ಒಂದು ಪುಸ್ತಕದಲ್ಲಿ ಬರೆದರು. ಅವರಿಗೆ ಹೆಸರನ್ನು ತಂದುದು ಮಾತ್ರ 1856ರಲ್ಲಿ ಹೊರಬಂದ ‘ಅಗ್ನಿಜಿಹ್ವೆ’ ಎಂಬರ್ಥದ ಇಂಗ್ಲಿಷ್ ಗ್ರಂಥ. ಯೇಸುಸ್ವಾಮಿಯು ಸ್ವರ್ಗಾರೋಹಣ ಮಾಡಿದ ಮೇಲೆ ಶಿಷ್ಯರು ಜೆರೂಸಲೇಮಿನಲ್ಲಿ ಪ್ರಾರ್ಥಿಸುತ್ತ ಕಾದಿದ್ದು ಪವಿತ್ರಾತ್ಮವನ್ನು ಪಡೆದ ಕಥೆ ಅದಕ್ಕೆ ಆಧಾರ. ಅಲ್ಲಿ ಸಿದ್ಧತೆಯೆಂದರೆ ಶುದ್ಧಿಯನ್ನು ಗಳಿಸುವುದಲ್ಲ, ಬರುವ ದೇವರಿಗಾಗಿ ಕಾಯುವುದು. ಬಿಸಿಲಿನ ಗುಬ್ಬಿಯಲ್ಲಿ ಎರಡು ವರ್ಷ ದುಡಿದು, ಕಣ್ಣು ಸೋತು ಹಿಂದಿರುಗಿದವರು ಕೆಲಸಕ್ಕಿಂತಲೂ ಕಾಯುವುದನ್ನು ಮುಂದಿಟ್ಟು ಬರೆದುದು ಗಮನಿಸತಕ್ಕ ಸಂಗತಿ.

ಆರ್ಥರರು 1901ರಲ್ಲಿ ತೀರಿಕೊಂಡರು. ಮೈಸೂರು ಸೀಮೆಯ ವೆಸ್ಲಿಯನ್ ಸಭೆಗಳು 1947ನೆಯ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆಯಲ್ಲಿ ಒಂದಾದವು. ಅದರ ವಿಧಿಯಲ್ಲಿ ಮುಳುಗಿಸುವುದಕ್ಕೂ ತಲೆಯ ಮೇಲೆ ನೀರನ್ನು ಹೊಯ್ಯುವುದಕ್ಕೂ ಅವಕಾಶವುಂಟು. ಕೆರೆ ಬತ್ತಿದ ವರ್ಷ ಪಾವಗಡದ ಕಡೆ ಎರಡನೆಯದೇ ಸಾಧ್ಯವಾದುದು.